ಸುಡಬೇಕಾದ ಹಾಸಿಗೆ

ಸುಮೇಯ್ ಮಾವನ ರಜಾಯಿಯನ್ನು ಎರಡನೆಯ ಸಲ ಎತ್ತಿ ಕೊಡವಿದಳು. ಕೆಳಗೆ ಜೊಂಡಿನ ಚಾಪೆ ಬಿಟ್ಟರೆ ಏನೂ ಇರಲಿಲ್ಲ. ಗೋಡೆಯ ಕಡೆಗೆ ಸರಿದು ಮಡಚಿಟ್ಟ ಹಳೆಯ ಕೋಟನ್ನು ಎತ್ತಿದಳು, ಹೊಟ್ಟು ತುಂಬಿದ ದಿಂಬನ್ನು ಎತ್ತಿದಳು. ಆಮೇಲೆ ಮತ್ತೆ ರಜಾಯಿಯನ್ನೇ ಎತ್ತಿದಳು, ಮೊದಲೆರಡು ಸಲ ಕಣ್ಣು ತಪ್ಪಿತ್ತೇನೋ ಎನ್ನುವ ಹಾಗೆ.

"ಹಾಸಿಗೆ ತರ್ತೀಯೋ ಇಲ್ವೋ, ದಾಲಿನ್ ಮನೆಯವಳೇ?" ಅಂಗಳದಿಂದ ಗ್ವಾನ್ ದೊಡ್ಡಪ್ಪ ಕೂಗಿದ. "ಹೊತ್ತು ಏರ್ತಾ ಇದೆ. ಈ ಚಳೀಲಿ ಓಲಗದೋರ ತುಟಿ ಪೀಪಿಗೆ ಅಂಟ್ಕೊಂಡ್ರೆ ಬಿಡಿಸೋರು ಯಾರು?"

ಯಾರೋ ನಕ್ಕರು. ಇನ್ನಾರೋ ಅವರನ್ನು ಗದರಿಸಿದರು.

ಊರಿನಲ್ಲಿ ಯಾರು ಸತ್ತರೂ ಮುಂದೆ ನಿಂತು ಎಲ್ಲ ನಡೆಸಿಕೊಡುವವನು ಗ್ವಾನ್. ಮೊನ್ನೆ ಬೆಳಗಿನಿಂದ ಅವನು ಹೇಳಿದ್ದನ್ನೆಲ್ಲ ಸುಮೇಯ್ ಮಾಡಿದ್ದಳು. ಬೆಕ್ಕು ಹೆಣ ದಾಟದ ಹಾಗೆ ಬುಟ್ಟಿಯಡಿ ಮುಚ್ಚಿ ಅಂದ, ಮುಚ್ಚಿದಳು. ಮಾವನ ಕೋಣೆಯ ಒಲೆ ಆರಿಸಿ ಅಂದ, ಆರಿಸಿದಳು. ಆ ಒಲೆಯ ಹೊಗೆ ಇಟ್ಟಿಗೆಯ ಬಿಸಿಜಗಲಿಯ ಹೊಟ್ಟೆಯೊಳಗೆ ಹಾದು, ಮೇಲೆ ಮಲಗಿದವರನ್ನು ಚಳಿಗಾಲವೆಲ್ಲ ಕಾಯುತ್ತಿತ್ತು. ಈಗ ಜಗಲಿ ತಣ್ಣಗೆ ಬಾವಿಯ ಕಟ್ಟೆಯ ಹಾಗಿತ್ತು. ಉಳಿದಿದ್ದ ಕೆಲಸ ಒಂದೇ: ಹೆಣ ಎತ್ತುವ ಮೊದಲು ಸತ್ತವರ ಹಾಸಿಗೆಯನ್ನು ಊರ ಮುಂದಿನ ಕೂಡುದಾರಿಗೆ ಒಯ್ದು ಸುಡಬೇಕು. ಸುಡದೆ ಹೋದರೆ ಅವರು ಅತ್ತ ಹೋದ ಮೇಲೆ ಬರಿನೆಲದಲ್ಲಿ ಬೆನ್ನು ಹಾಕಬೇಕಾಗುತ್ತದೆ.

ಬಾಗಿಲ ಪರದೆ ಸರಿಯಿತು. ಒಳಗೆ ಬಂದವಳು ಶ್ಯೂಫೆನ್, ಗಂಡನ ಅಕ್ಕ. ಪಟ್ಟಣದಿಂದ ನಿನ್ನೆ ಬಂದವಳು ಆಗಿನಿಂದ ಅತ್ತು ಅತ್ತು ಗಂಟಲು ಕಟ್ಟಿಸಿಕೊಂಡಿದ್ದಳು. ಸೊಂಟಕ್ಕೆ ಬಿಳಿಯ ಸೂತಕದ ಬಟ್ಟೆ ಬಿಗಿದಿದ್ದಳು.

"ಏನು ಹುಡುಕ್ತಿದ್ದೀಯ?"

"ಹಾಸಿಗೆ, ಅಕ್ಕ. ಮಾವನದು."

ಶ್ಯೂಫೆನ್ ಜಗಲಿಯನ್ನು ನೋಡಿದಳು. ಅವಳ ಕಣ್ಣು ಚಾಪೆಯ ಈ ತುದಿಯಿಂದ ಆ ತುದಿಗೆ ಹೋಗಿ ವಾಪಸ್ಸು ಬಂತು.

"ಅಪ್ಪ ಬರೀ ಚಾಪೆ ಮೇಲೆ ಮಲಗ್ತಿದ್ನಾ?"

"ಇಲ್ಲ ಅಕ್ಕ. ಹಾಸಿಗೆ ಇತ್ತು. ಈ ಸಲ ನಾನೇ ಹೊಲಿದಿದ್ದೆ, ಆರು ಜಿನ್ ತೂಕದ ಹೊಸ ಹತ್ತಿ ಹಾಕಿ."

"ಇತ್ತು ಅಂದ್ರೆ ಎಲ್ಲಿ ಹೋಯ್ತು? ಎದ್ದು ಗದ್ದೆಗೆ ಹೋಯ್ತಾ?"

ಸುಮೇಯ್ ನೆನಪು ಕೆದಕಿದಳು. ಮೊನ್ನೆ ನಸುಕಿನಲ್ಲಿ ಮಾವನ ಉಸಿರು ನಿಂತದ್ದು ತಿಳಿದಾಗ ಗಂಡ ದಾಲಿನ್ ಮತ್ತು ಗ್ವಾನ್ ಅವರನ್ನು ಎತ್ತಿ ಹಲಗೆಯ ಮೇಲೆ ಮಲಗಿಸಿದ್ದರು. ಅವಳು ದೀಪ ಹಿಡಿದು ನಿಂತಿದ್ದಳು. ಮಾವನ ಪಾದ ನೆನಪಿತ್ತು, ಗ್ವಾನ್‌ನ ಕೆಮ್ಮು ನೆನಪಿತ್ತು. ಹಾಸಿಗೆ ಕಂಡಿತ್ತೇ? ಮಾವ ತಮ್ಮ ಹಾಸಿಗೆಯನ್ನು ತಾವೇ ಹಾಸಿ ತಾವೇ ಮಡಚುವವರು. ಸೊಸೆಯಾದವಳು ಅದನ್ನು ಮುಟ್ಟುವ ಪ್ರಮೇಯವೇ ಬಂದಿರಲಿಲ್ಲ. ಅದನ್ನು ಕಡೆಯ ಸಲ ನೋಡಿದ್ದು ಯಾವಾಗ ಎಂದು ಯೋಚಿಸಿದರೆ, ಹೊಲಿದ ದಿನ ಬಿಟ್ಟು ಬೇರೆ ಯಾವ ದಿನವೂ ಕಣ್ಣ ಮುಂದೆ ಬರಲಿಲ್ಲ.

*

ಹೊಲಿದದ್ದು ಕೋಸು ಉಪ್ಪಿಗೆ ಹಾಕುವ ಮುಂಚಿನ ವಾರ. ನೀಲಿ ಬಟ್ಟೆ, ಅದರ ಮೇಲೆ ಬಿಳಿಯ ಸಣ್ಣ ಹೂ. ಹತ್ತಿಯನ್ನು ಹರವಿ, ಎಳೆ ಎಳೆಯಾಗಿ ಬಿಡಿಸಿ, ಬೆರಳುದ್ದಕ್ಕೊಂದು ಟಾಕು ಹಾಕುತ್ತ ಕೂತಿದ್ದಳು. ಮಾವ ಬಾಗಿಲಲ್ಲಿ ನಿಂತು ನೋಡಿದರು.

"ಇಷ್ಟೊಂದು ಹತ್ತಿ ಯಾಕಮ್ಮ? ನಾನೇನು ಮದುಮಗನಾ?"

"ಚಳಿಗೆ ಬೇಕಾಗತ್ತೆ, ಮಾವ."

"ಗಾಳಿ ನುಗ್ಗಲ್ಲ ಇದರಲ್ಲಿ," ಎಂದು ಅವರು ಅಂಚನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ಒತ್ತಿ ನೋಡಿದ್ದರು. ಅದನ್ನು ಅವಳು ಹೊಗಳಿಕೆ ಎಂದುಕೊಂಡಿದ್ದಳು.

ಮಾವ ಲ್ವಾನ್ ಚಿಂಗ್‌ಷಾನ್ ಹೆಚ್ಚು ಮಾತಿನ ಮನುಷ್ಯರಲ್ಲ. ಮೂವತ್ತು ವರ್ಷ ಊರಿನ ಹೇಸರಗತ್ತೆಯ ಗಾಡಿ ಹೊಡೆದು, ಸೋಯಾ ಮೂಟೆಗಳನ್ನು ರೈಲು ನಿಲ್ದಾಣಕ್ಕೆ ಮುಟ್ಟಿಸಿದವರು. ಮಾತಾಡಿದ್ದೆಲ್ಲ ಆ ಹೇಸರಗತ್ತೆಗಳ ಕಿವಿಗೇ. ಟ್ರಾಕ್ಟರ್ ಬಂದು ಗಾಡಿ ಮೂಲೆಗೆ ಬಿದ್ದ ಮೇಲೆ ಆ ಮಾತೂ ನಿಂತಿತ್ತು. ಕಳೆದ ವಸಂತದಲ್ಲಿ ಸುಮೇಯ್ ಮೊಟ್ಟೆಯ ಆಸೆಗೆ ಸಂತೆಯಿಂದ ಬಾತುಮರಿ ತಂದಳು. ಮೂರು ಉಳಿದವು. ಒಂದು ದಿನ ಕೊಳದ ಕಡೆಯಿಂದ ಮಾವನ ದನಿ ಕೇಳಿಸಿತು. "ಕೆಂದಿ, ಎಡಕ್ಕೆ. ಹಂಡಿ, ನಿಲ್ಲೇ, ನಿಲ್ಲು. ಬಾರೇ ಬೆಳ್ಳಿ." ಹೋಗಿ ನೋಡಿದರೆ ಮಾವ ಮುಂದೆ, ಹಿಂದೆ ಸಾಲಾಗಿ ಮೂರು ಬಾತು. ಸತ್ತುಹೋದ ಹೇಸರಗತ್ತೆಗಳ ಹೆಸರನ್ನೆಲ್ಲ ಅವಕ್ಕೆ ಹಂಚಿಬಿಟ್ಟಿದ್ದರು.

ಆ ಊರಿನಲ್ಲಿ ಬಾತುಗಳು ಚಳಿಗಾಲ ನೋಡುವುದಿಲ್ಲ. ಮೊದಲ ಮಂಜಿಗೆ ಮೊದಲೇ ಬಾಣಲೆಗೆ ಹೋಗುತ್ತವೆ. ಮಾವ ಮಾತ್ರ ಅವನ್ನು ಹೊರಮನೆಯೊಳಗೆ, ಒಲೆಯ ಪಕ್ಕಕ್ಕೆ ತಂದು ಕೂರಿಸಿದರು. ಅವಳ ಮದುವೆಯ ಕೆಂಪು ಮೀನಿನ ಚಿತ್ರದ ಬೋಗುಣಿಯಲ್ಲಿ ಬೆಚ್ಚನೆಯ ನೀರಿಟ್ಟರು. ಸುಮೇಯ್ ನಾಲ್ಕು ದಿನ ತಡೆದುಕೊಂಡಳು. ಐದನೆಯ ದಿನ ಹೇಳಿದಳು:

"ಮಾವ, ನಾತಕ್ಕೆ ಅನ್ನ ಇಳೀತಿಲ್ಲ. ಬೋಗುಣಿ ನಂದು."

"ನೀರು ಆಳ ಇರಬೇಕಮ್ಮ. ಮೂಗು ಮುಳುಗಿಸಿ ತೊಳ್ಕೊಳ್ಳದಿದ್ರೆ ಕಟ್ಕೊಳ್ಳತ್ತೆ."

"ಹಾಗಾದ್ರೆ ಬಕೆಟ್ ತಗೊಳಿ. ಒಳಗೆ ಮಾತ್ರ ಬೇಡ."

ಮಾವ ಎದುರಾಡಲಿಲ್ಲ. "ಒಳಗಿನ ಹಬೆ ಅವಕ್ಕೂ ಒಳ್ಳೇದಲ್ಲ ಬಿಡು. ಚಳಿ ತಡೀತವೆ. ಒದ್ದೆ ತಡಿಯಲ್ಲ, ಗಾಳಿ ತಡಿಯಲ್ಲ," ಎಂದು ಯಾರಿಗೋ ಹೇಳುವ ಹಾಗೆ ಹೇಳಿ, ಮೂರನ್ನೂ ಹಿಂದಿನ ಉಗ್ರಾಣಕ್ಕೆ ನಡೆಸಿಕೊಂಡು ಹೋದರು. ಅಂದಿನಿಂದ ಸುಮೇಯ್ ಆ ಕಡೆ ತಲೆ ಹಾಕಲಿಲ್ಲ.

*

ಹಾಸಿಗೆಯಿಲ್ಲದ ಸುದ್ದಿ ಅಂಗಳಕ್ಕೆ ಅವಳಿಗಿಂತ ಮೊದಲೇ ಮುಟ್ಟಿತ್ತು. ಶವಪೆಟ್ಟಿಗೆಯ ಸುತ್ತ ನಿಂತವರು ಅವಳು ಹೊರಗೆ ಬಂದೊಡನೆ ಮಾತು ನಿಲ್ಲಿಸಿದರು. ಹುಳಿಕೋಸು ಬೇಯುತ್ತಿದ್ದ ಹಂಡೆಯಿಂದ ಹಬೆ ಎದ್ದು ಎಲ್ಲರ ಮುಖಕ್ಕೂ ಅಡ್ಡ ಬರುತ್ತಿತ್ತು. ಯಾರು ತನ್ನನ್ನು ನೋಡುತ್ತಿದ್ದಾರೆ, ಯಾರು ನೋಡುತ್ತಿಲ್ಲ ಎಂಬುದು ಅವಳಿಗೆ ಸರಿಯಾಗಿ ಕಾಣಲಿಲ್ಲ.

"ಸೊನ್ನೆಗಿಂತ ಮೂವತ್ತು ಡಿಗ್ರಿ ಕೆಳಗೆ ಹೋಗತ್ತೆ ಈ ಊರಲ್ಲಿ," ಶ್ಯೂಫೆನ್ ಯಾರನ್ನೂ ನೋಡದೆ ಹೇಳಿದಳು. "ನಮ್ಮನೆ ನಾಯಿಗೂ ಗೋಣಿ ಹಾಸಿದ್ದೀನಿ ನಾನು."

"ಅಕ್ಕ, ಸ್ವಲ್ಪ ಸುಮ್ನಿರು," ಎಂದ ದಾಲಿನ್. ಆಮೇಲೆ ಹೆಂಡತಿಯ ಹತ್ತಿರ ಬಂದು ದನಿ ತಗ್ಗಿಸಿದ. "ಎಲ್ಲಿಟ್ಟಿದ್ದೀಯ, ಹೇಳ್ಬಿಡು."

"ನಾನು ಎಲ್ಲೂ ಇಟ್ಟಿಲ್ಲ."

"ಮಾರಿದ್ಯಾ?"

ಅವಳು ಅವನ ಮುಖ ನೋಡಿದಳು. ಹದಿನಾರು ವರ್ಷ ಒಂದೇ ಬಟ್ಟಲಿಂದ ಕೋಸು ತಿಂದ ಮುಖ. ಅವನು ತಮಾಷೆಗೆ ಕೇಳಿದನೋ ನಿಜಕ್ಕೂ ಕೇಳಿದನೋ ಅವಳಿಗೆ ಗೊತ್ತಾಗಲಿಲ್ಲ.

"ದಿನಾ ಎರಡು ಹೊತ್ತು ಅವರ ಒಲೆಗೆ ಉರಿ ಹಾಕ್ತಿದ್ದವಳು ನಾನು," ಎಂದಳು. ದನಿ ಬೇಡದಷ್ಟು ಮೇಲೆ ಹೋಯಿತು. "ನಮ್ಮ ಒಲೆಗೆ ಒಂದು ಹೊರೆ ಜೋಳದ ದಂಟು ಹಾಕಿದ್ರೆ ಅವರದಕ್ಕೆ ಎರಡು ಹಾಕಿದ್ದೀನಿ."

"ಉರಿ ಯಾರಿಗೆ ಕಾಣತ್ತೆ? ಬೂದಿ ಗುಡಿಸಾಯ್ತಲ್ಲ," ಎಂದಳು ಶ್ಯೂಫೆನ್.

ಪಕ್ಕದ ಮನೆಯ ಷಾಂಗ್ ಚಿಕ್ಕಮ್ಮ ಸೌಟು ಹಿಡಿದೇ ಮಧ್ಯೆ ಬಂದಳು. "ಅಲ್ಲ, ಒಂದು ಹಾಸಿಗೆಗೆ ಇಷ್ಟು ರಾದ್ಧಾಂತ ಯಾಕೆ? ಸುಮೇಯ್ ತನ್ನದೇ ಕೊಡ್ಲಿ, ಸುಟ್ಟು ಮುಂದೆ ಹೋಗೋಣ."

"ಬೇರೆಯವರದ್ದು ಸುಟ್ಟರೆ ಅವರ ಜಾಗಾನೂ ಅಲ್ಲಿ ಹಾಸಿಟ್ಟ ಹಾಗಾಗತ್ತೆ," ಎಂದ ಗ್ವಾನ್. "ಅವನು ಮಲಗಿದ್ದು ಯಾವುದೋ ಅದೇ ಬೇಕು. ನಲವತ್ತು ಹೆಣ ಕಳಿಸಿದ್ದೀನಿ, ಯಾರ ಮನೇಲೂ ಹಾಸಿಗೆ ಕಳೆದುಹೋಗಿಲ್ಲ. ಹ್ಯಾಗಿತ್ತು ಅದು?"

"ನೀಲಿ ಬಟ್ಟೆ, ಬಿಳಿ ಹೂ."

ಷಾಂಗ್ ಚಿಕ್ಕಮ್ಮನ ಸೌಟು ಗಾಳಿಯಲ್ಲೇ ನಿಂತಿತು. ಸಾವಾದ ದಿನದಿಂದ ಬಾತುಗಳಿಗೆ ನೀರು, ಜೋಳ ಹಾಕುತ್ತಿದ್ದವಳು ಅವಳೇ.

"ಸಣ್ಣ ಹೂ? ನುಚ್ಚಿನ ಹಾಗೆ?"

"ಹೌದು."

"ಅಯ್ಯೋ, ಅದು ಬಾತುಗಳ ಬಾಗಿಲಿಗೆ ನೇತಾಡ್ತಿದೆಯಲ್ಲೇ. ನಾನು ಪರದೆ ಅಂದ್ಕೊಂಡಿದ್ದೆ. ಎಷ್ಟು ದಪ್ಪ ಪರದೆ ಅಂತ ಬೇರೆ ಅಂದ್ಕೊಂಡೆ."

*

ಉಗ್ರಾಣದ ಬಾಗಿಲು ಉತ್ತರಕ್ಕೆ. ಗ್ವಾನ್ ಅದನ್ನು ಒದ್ದು ತೆರೆಯಬೇಕಾಯಿತು. ಒಳಗೆ, ಗಾಳಿ ತಿರುಗಿ ಬರದ ಮೂಲೆಯಲ್ಲಿ, ಜೋಳದ ದಂಟಿನ ಗೋಡೆ ಕಟ್ಟಿ ಮಾಡಿದ ಪುಟ್ಟ ಕೋಣೆಯಿತ್ತು. ಅದರ ಬಾಯಿಗೆ ಅಡ್ಡವಾಗಿ ನೀಲಿ ಹಾಸಿಗೆ ನೇತಾಡುತ್ತಿತ್ತು. ಮೇಲಂಚಿಗೆ ಹಗ್ಗ ಹೊಲಿದಿದ್ದರು. ಗಾಡಿಯ ಮೂಟೆ ಕಟ್ಟುವ ಗಂಟು. ಹಾಸಿಗೆಗೂ ಸೂರಿಗೂ ನಡುವೆ ಹಬೆ ಹೋಗಲು ಒಂದು ಗೇಣು ಬಿಟ್ಟಿದ್ದರು. ಕೆಳಗೆ ಗಾಳಿ ನುಗ್ಗದಂತೆ ಮಡಚಿ ಕಲ್ಲು ಹೇರಿದ್ದರು.

ಸುಮೇಯ್ ಅಂಚನ್ನು ಸರಿಸಿದಳು. ಮೊಣಕಾಲೆತ್ತರಕ್ಕೆ ಒಣಹುಲ್ಲು, ಅದರಲ್ಲಿ ಮೂರು ಬಾತು. ಅವು ಕೊಕ್ಕನ್ನು ಬೆನ್ನಿನ ಗರಿಯೊಳಗೆ ಸೇರಿಸಿ, ಕಾಲುಗಳನ್ನು ಹೊಟ್ಟೆಯಡಿ ಮಡಚಿ ಕೂತಿದ್ದವು. ಒಂದು ಕಣ್ಣು ತೆರೆದು ಅವಳನ್ನು ನೋಡಿ ಮತ್ತೆ ಮುಚ್ಚಿತು. ನಾತ ಬರಲಿಲ್ಲ. ಬಿಸಿಲಿಗೆ ಹಾಕಿದ ಹುಲ್ಲಿನ ವಾಸನೆ ಮಾತ್ರ.

"ನೋಡಿದ್ರಾ," ಎಂದಳು ಶ್ಯೂಫೆನ್. ಅವಳ ಗಂಟಲು ಇನ್ನಷ್ಟು ಒಡೆದಿತ್ತು. "ನನ್ನಪ್ಪನ ಬೆನ್ನಿಗಿಲ್ಲದ್ದು ಇವಕ್ಕೆ. ಬಿಚ್ಚಿ ಅದನ್ನ. ಇವನ್ನ ಅಡಿಗೆಯವನಿಗೆ ಕೊಡಿ, ಊಟಕ್ಕೆ ಮಾಂಸ ಸಾಲ್ದು ಅಂತಿದ್ದ."

"ಅಕ್ಕ, ಬಾತು ಯಾಕೆ..." ದಾಲಿನ್ ಶುರುಮಾಡಿ ಅರ್ಧಕ್ಕೇ ಬಿಟ್ಟ.

"ಹಾಸಿಗೆ ತೆಗೆದ ಮೇಲೆ ಅವು ಹೇಗೂ ಇವತ್ತು ರಾತ್ರಿ ಸಾಯ್ತವೆ," ಎಂದಳು ಷಾಂಗ್ ಚಿಕ್ಕಮ್ಮ ಮೆಲ್ಲಗೆ. "ಉಗುಳಿದ್ದು ನೆಲ ಮುಟ್ಟೋಕೆ ಮುಂಚೆ ಕಲ್ಲಾಗ್ತಿದೆ. ಗೋಣಿ ಕಟ್ಟಿದ್ರೆ ಗಾಳಿ ಸೋಸಿ ಬರತ್ತೆ, ಅಷ್ಟೇ."

ಗ್ವಾನ್ ಹಾಸಿಗೆಯನ್ನು ಮುಟ್ಟಿ ನೋಡಿದ, ಟೋಪಿ ಹಿಂದಕ್ಕೆ ತಳ್ಳಿ ತಲೆ ಕೆರೆದುಕೊಂಡ.

"ಇದು ನನಗೇ ಹೊಸದು," ಎಂದ. "ಚಿಂಗ್‌ಷಾನ್ ಇದರ ಮೇಲೆ ಮಲಗಿದ್ರೆ ಇದು ಸತ್ತವನ ಹಾಸಿಗೆ. ಸುಡಲೇಬೇಕು. ಅವನ ಬಾತೂ ಅವನ ಜೊತೆಗಿನವೇ, ಮಗಳ ಮಾತು ನಡೆಯತ್ತೆ. ಮಲಗಿಲ್ಲದಿದ್ರೆ ಇದು ಒಂದು ಪರದೆ. ಪರದೆ, ಬಾತು ಎಲ್ಲಾ ಮನೆಯ ವಸ್ತು. ಮನೆಯವಳು ಹೇಳಿದ ಹಾಗೆ." ಅವನು ಸುಮೇಯ್ ಕಡೆ ತಿರುಗಿದ. "ನೀನೇ ಹೇಳು. ಮಲಗಿದ್ನೋ, ಇಲ್ವೋ?"

*

ಸಾಯುವ ಹಿಂದಿನ ಮಧ್ಯಾಹ್ನ ಮಾವ ಅಡಿಗೆಮನೆಗೆ ಬಂದು ಸ್ವಲ್ಪ ಹಂದಿಕೊಬ್ಬು ಕೇಳಿದ್ದರು.

"ಕಾಲಿಗೆ ಹಚ್ಚೋಕಾ ಮಾವ? ಒಡೆದಿದೆಯಾ?"

"ನನಗಲ್ಲ. ಬೆಳ್ಳಿಯ ಪಾದ ಬಿರಿದಿದೆ. ಅಂಗಳದಲ್ಲಿ ಹಿಮದ ಮೇಲೆ ಓಡಾಡ್ತು, ಮುಂಡೇದು. ಹುಲ್ಲು ಹಾಸೋಕೆ ಮುಂಚೆ."

ಅವಳು ಬಟ್ಟಲಿನ ತಳಕ್ಕೆ ಅಂಟಿದ್ದ ಕೊಬ್ಬನ್ನು ಕೆರೆದು ಕೊಟ್ಟಿದ್ದಳು. ಅವರು ಅದನ್ನು ಅಂಗೈಯಲ್ಲಿ ಹಿಡಿದುಕೊಂಡು, ಹೋಗದೆ, ಹೊಸ್ತಿಲಲ್ಲೇ ನಿಂತರು.

"ಬಂದು ನೋಡ್ತೀಯಾ? ಕೋಣೆ ಚೆನ್ನಾಗಾಗಿದೆ."

ಅವಳ ಎರಡು ಕೈಯೂ ಕೋಸಿನ ಜಾಡಿಯಲ್ಲಿ ಮೊಣಕೈವರೆಗೆ ಮುಳುಗಿದ್ದವು. "ಈಗ ಆಗಲ್ಲ ಮಾವ," ಎಂದಿದ್ದಳು. ಅವರು "ಹ್ಞೂಂ" ಎಂದು, ಕೊಬ್ಬು ಕರಗುವ ಮೊದಲು ಬೇಗ ಬೇಗ ನಡೆದುಹೋಗಿದ್ದರು.

*

ಉಗ್ರಾಣದ ಬಾಗಿಲಲ್ಲಿ ಜನ ಸೇರಿದ್ದರು. ಹೊರಗೆ ಓಲಗದವರು ಬೆರಳಿಗೆ ಬಿಸಿ ಬರಲೆಂದು ಅರ್ಧರ್ಧ ಊದಿ ನಿಲ್ಲಿಸುತ್ತಿದ್ದರು.

ಸುಮೇಯ್ ಹಾಸಿಗೆಯ ಮೇಲೆ ಕೈ ಇಟ್ಟಳು. ಮಲಗಿದ ಹಾಸಿಗೆಯ ಹತ್ತಿ ಒಂದು ವಾರದಲ್ಲೇ ಸೊಂಟದ ಹತ್ತಿರ ಚಪ್ಪಟೆಯಾಗುತ್ತದೆ. ಹೆಗಲಿನ ಕಡೆ ಗಂಟು ಕಟ್ಟುತ್ತದೆ. ಇದು ಹೊಲಿದ ದಿನ ಹೇಗಿತ್ತೋ ಹಾಗೇ ಉಬ್ಬಿಕೊಂಡಿತ್ತು, ಎಲ್ಲ ಕಡೆಯೂ ಒಂದೇ ಸಮ. ಅವಳ ಕೈಗೆ ಗೊತ್ತಾಯಿತು. ಬೇರೆ ಯಾರ ಕೈಗೂ ಗೊತ್ತಾಗುವ ಹಾಗಿರಲಿಲ್ಲ.

ಮಲಗಿದ್ದರು ಎಂದುಬಿಟ್ಟರೆ ಮುಗಿಯಿತು. ಹೊಸ ಹತ್ತಿಯ ಹಾಸಿಗೆ ಎಲ್ಲರ ಕಣ್ಣ ಮುಂದೆ ಉರಿಯುತ್ತದೆ. ಕಡೆಗಾಲದಲ್ಲಿ ಮುದುಕ ಯಾಕೋ ತೆಗೆದು ಬಾತಿಗೆ ಕಟ್ಟಿದ, ಸೊಸೆಯ ತಪ್ಪೇನು ಎನ್ನುತ್ತಾರೆ. ಇಲ್ಲ ಎಂದರೆ, ಈ ಊರಿನಲ್ಲಿ ಅವಳು ಬದುಕಿರುವವರೆಗೂ ಪ್ರತಿ ಚಳಿಗಾಲದಲ್ಲೂ ಯಾರಾದರೊಬ್ಬರು ನೆನೆಸಿಕೊಳ್ಳುತ್ತಾರೆ: ಮಾವನನ್ನು ಬರೀ ಚಾಪೆಯ ಮೇಲೆ ಮಲಗಿಸಿದ ಮನೆ.

ತಾನು ಅಷ್ಟು ಟಾಕು ಹಾಕಿದ್ದು ಅವರಿಗೆ ಬೇಡವಾಗಿತ್ತೇ, ಅಥವಾ ಅದಕ್ಕಿಂತ ಒಳ್ಳೆಯದು ಮನೆಯಲ್ಲಿ ಇಲ್ಲವೆಂದೇ ಇಲ್ಲಿಗೆ ತಂದು ಕಟ್ಟಿದರೇ? ಅದನ್ನು ಕೇಳಬೇಕಾದವರು ಅಂಗಳದ ಪೆಟ್ಟಿಗೆಯಲ್ಲಿದ್ದರು. ಅವಳಿಗೆ ಆ ಕ್ಷಣದಲ್ಲಿ ಸಿಟ್ಟೂ ಬಂತು. ಯಾರ ಮೇಲೆ ಎಂದು ತಿಳಿಯಲಿಲ್ಲ. ಒಳಗೆ ಒಂದು ಬಾತು ಹುಲ್ಲನ್ನು ಸರಸರ ಕೆದಕಿ ಮತ್ತೆ ಕೂತುಕೊಂಡಿತು.

"ಮಲಗಿಲ್ಲ," ಎಂದಳು.

"ಒಂದು ದಿನಾನೂ?"

"ಒಂದು ದಿನಾನೂ ಇಲ್ಲ. ಚಾಪೆ ಮೇಲೇ ಮಲಗಿದ್ದು."

ಗ್ವಾನ್ ತಲೆಯಾಡಿಸಿದ. ಷಾಂಗ್ ಚಿಕ್ಕಮ್ಮ ಸೌಟಿನ ಕಡೆ ನೋಡಿದಳು.

"ಎಲ್ಲರೂ ಕೇಳಿದ್ರಲ್ಲ," ಎಂದಳು ಶ್ಯೂಫೆನ್. "ಅವಳ ಬಾಯಿಂದಾನೇ ಬಂತು."

"ಕೇಳಿದ್ವಿ," ಎಂದ ಗ್ವಾನ್. "ಹಾಗಿದ್ರೆ ಚಾಪೆ ಸುಡಬೇಕು. ದಾಲಿನ್, ಹೋಗು, ಸುತ್ಕೊಂಡು ಬಾ. ಬಾಗಿಲು ಹಾಕಿ ಇದರದ್ದು, ಗಾಳಿ ನುಗ್ತಿದೆ."

ಬಾಗಿಲನ್ನು ಎಳೆದುಕೊಂಡವಳು ಸುಮೇಯ್. ಚಿಲಕ ಹಾಕುವಾಗ ಅವಳ ಬೆರಳು ಕಬ್ಬಿಣಕ್ಕೆ ಅಂಟಿ ಚರ್ಮ ಸ್ವಲ್ಪ ಕಿತ್ತುಬಂತು.

ಕೂಡುದಾರಿಗೆ ಹೋಗುವಾಗ ಯಾರೂ ಅವಳ ಪಕ್ಕದಲ್ಲಿ ನಡೆಯಲಿಲ್ಲ. ನಡೆಯಲು ದಾರಿ ಕಿರಿದಾಗಿತ್ತೋ, ಬೇಕೆಂದೇ ಹಿಂದುಳಿದರೋ ಹೇಳುವಂತಿರಲಿಲ್ಲ. ಮುಂದೆ ದಾಲಿನ್ ಹೆಗಲ ಮೇಲೆ ಚಾಪೆಯ ಸುರುಳಿ ಹೊತ್ತಿದ್ದ. ಅದು ಅಷ್ಟು ಹಗುರವಾಗಿದ್ದುದರಿಂದ ಹೊರುವ ರೀತಿ ತಿಳಿಯದವನ ಹಾಗೆ ಆ ಹೆಗಲಿಂದ ಈ ಹೆಗಲಿಗೆ ಬದಲಿಸುತ್ತಿದ್ದ. ಹಿಂದಿನಿಂದ ಒಬ್ಬ ಹೆಂಗಸಿನ ಪಿಸುಮಾತು ಕೇಳಿಸಿತು: "ಉರಿಯೋಕೆ ಏನಿದೆ ಇದರಲ್ಲಿ? ಎರಡು ಉಸಿರು ಬಿಡೋದ್ರಲ್ಲಿ ಮುಗಿಯತ್ತೆ."

ದಾರಿಗಳು ಕೂಡುವಲ್ಲಿ ಗ್ವಾನ್ ಹಿಮವನ್ನು ಕಾಲಿಂದ ಬಳಿದು ಜಾಗ ಮಾಡಿದ. ದಾಲಿನ್ ಸುರುಳಿಯನ್ನು ಕೆಳಗಿಟ್ಟು ಬಿಚ್ಚಿದ. ಚಳಿಗೆ ಸೆಟೆದಿದ್ದ ಜೊಂಡು ಮಾತು ಕೇಳದೆ ಮತ್ತೆ ಮತ್ತೆ ಸುತ್ತಿಕೊಂಡಿತು. ಕಡೆಗೆ ಅವನು ಅದನ್ನು ಬೋರಲು ಹಾಕಿ, ಎರಡೂ ತುದಿಗೆ ಹಿಮದ ಗಟ್ಟಿ ಇಟ್ಟ.

ಕೆಳಮೈ ಮೇಲಾಗಿ ಬಿಸಿಲಿಗೆ ಬಿದ್ದಿತ್ತು. ಒಲೆಗೆ ಹತ್ತಿರದ ತುದಿಯಲ್ಲಿ ಜೊಂಡಿನ ಹಳದಿ ಹೋಗಿ ಕಂದಾಗಿತ್ತು, ನಡುವೆ ಕರಕಲೇ ಆಗಿತ್ತು, ತವೆಯ ಮೇಲೆ ಮರೆತ ರೊಟ್ಟಿಯ ಹಾಗೆ. ಹೆಗಲಿಗೊಂದು, ಸೊಂಟಕ್ಕೊಂದು, ಮಡಚಿದ ಮೊಣಕಾಲಿಗೊಂದು. ಭಾರ ಬಿದ್ದ ಕಡೆಯೆಲ್ಲ ಕಾದ ಇಟ್ಟಿಗೆಗೆ ಒತ್ತಿ ಒತ್ತಿ ಕಂದಿದ ಗುರುತು. ಮಗ್ಗುಲಾಗಿ ಮಲಗಿದ ಒಬ್ಬ ಮನುಷ್ಯನಷ್ಟು ಉದ್ದಕ್ಕೆ ಅದು ಹರಡಿತ್ತು. ಉಳಿದ ಅರ್ಧ ಚಾಪೆ ತಂದ ದಿನದ ಹಾಗೇ ಇತ್ತು.

ಯಾರೋ "ಇದೇನು, ಸುಟ್ಟಿದೆಯಲ್ಲ ಆಗ್ಲೇ," ಎಂದರು.

ಗ್ವಾನ್ ಬೆಂಕಿಕಡ್ಡಿ ಗೀರಿ ಕೈಯಡ್ಡ ಹಿಡಿದು ಬಗ್ಗಿದ. ಅಷ್ಟರಲ್ಲಿ ಶ್ಯೂಫೆನ್ ಮುಂದೆ ಬಂದು ಹಿಮದಲ್ಲಿ ಕುಕ್ಕರಿಸಿದಳು. ಕೈಗವಸು ತೆಗೆದಳು. ಕಂದಿದ ಜಾಗದ ಮೇಲೆ, ಹೆಗಲಿನ ಗುರುತು ಇದ್ದಲ್ಲಿ, ಅಂಗೈ ಊರಿದಳು. ಅವಳು ಅಳುತ್ತಿದ್ದಾಳೋ ಏನನ್ನಾದರೂ ಅಳೆಯುತ್ತಿದ್ದಾಳೋ, ಹಿಂದೆ ನಿಂತಿದ್ದ ಸುಮೇಯ್‌ಗೆ ಕಾಣಲಿಲ್ಲ. ಬಿಳಿಯ ಬಟ್ಟೆ ಕಟ್ಟಿದ ಬೆನ್ನು ಮಾತ್ರ ಕಾಣುತ್ತಿತ್ತು, ಮತ್ತು ಆ ಕೈ. ಬಿಸಿ ಆರಿತೇ ಎಂದು ಜಗಲಿ ಮುಟ್ಟಿ ನೋಡುವವರು ಇಡುವ ಹಾಗೆ ಇಟ್ಟ ಕೈ. ಅವಳು ಅದನ್ನು ತೆಗೆಯಲಿಲ್ಲ. ಗ್ವಾನ್‌ನ ಕಡ್ಡಿ ಉರಿದು ಉರಿದು ಅವನ ಬೆರಳಿನ ತುದಿಗೆ ಬಂತು.